ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ? ಬಿಪಿ ಲೆಕ್ಕ ಅಡುಗೆಮನೆಯಿಂದಲೇ ಶುರು

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ಗಾದೆ ಸುಳ್ಳೇನಲ್ಲ, ಆದರೆ ದಿನಕ್ಕೆ ಎಷ್ಟು ಉಪ್ಪು ಎಂಬುದನ್ನು ಅದು ಹೇಳುವುದಿಲ್ಲ. ಆ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ: ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಹೆಚ್ಚುಕಡಿಮೆ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟಿನಿಂದ ಹಿಡಿದು ಸಾರು, ಪಲ್ಯ, ಚಟ್ನಿ, ಉಪ್ಪಿನಕಾಯಿ, ಸಂಜೆಯ ಚೂಡಾ, ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವೂ ಅದರಲ್ಲೇ ಮುಗಿಯಬೇಕು.

ನಾವು ತಿನ್ನುತ್ತಿರುವುದು ಎಷ್ಟು? ಬೆಂಗಳೂರಿನಲ್ಲಿರುವ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು 2017-18ರ ದೇಶವ್ಯಾಪಿ ಸಮೀಕ್ಷೆಯಲ್ಲಿ ಜನರ ಮೂತ್ರದ ಮಾದರಿ ಪಡೆದು ಇದನ್ನು ಅಂದಾಜು ಮಾಡಿತು. ಸರಾಸರಿ ದಿನಕ್ಕೆ 8 ಗ್ರಾಂ. ಗಂಡಸರದ್ದು 8.9, ಹೆಂಗಸರದ್ದು 7.1. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕೆ ಔಷಧಿ ನಡೆಯುತ್ತಿದೆ. ನಾಲ್ಕೈದು ಜನ ಕೂತು ಊಟ ಮಾಡುವ ಮನೆಯಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಆ ಒಬ್ಬರು ಯಾರೆಂಬುದು ಹಲವು ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಏಕೆಂದರೆ ಬಿಪಿ ಏರಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಲೆನೋವು ಬರುತ್ತದೆ, ತಲೆ ತಿರುಗುತ್ತದೆ, ಸಿಟ್ಟು ಬರುತ್ತದೆ ಎಂದೆಲ್ಲ ಜನ ಲಕ್ಷಣ ಹೇಳುತ್ತಾರೆ. ಇವ್ಯಾವುದನ್ನೂ ನಂಬಿ ಕೂರುವಂತಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಏರಿರುವ ಒತ್ತಡ ಮಿದುಳು, ಹೃದಯ, ಕಿಡ್ನಿ, ಕಣ್ಣಿನ ರಕ್ತನಾಳಗಳನ್ನು ಸವೆಸುತ್ತದೆ. ಕೆಲವರಿಗೆ ಮೊದಲ ಲಕ್ಷಣವೇ ಪಾರ್ಶ್ವವಾಯು.

ಉಪ್ಪಿಗೂ ಒತ್ತಡಕ್ಕೂ ಏನು ಸಂಬಂಧ?

ಅಡುಗೆ ಉಪ್ಪಿನಲ್ಲಿ ಶೇ. 40ರಷ್ಟು ಸೋಡಿಯಂ. ಇದು ದೇಹಕ್ಕೆ ಬೇಕು, ಆದರೆ ಅಗತ್ಯ ಬಹಳ ಕಡಿಮೆ. ಹೆಚ್ಚಾದ ಸೋಡಿಯಂ ತನ್ನ ಜೊತೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ಇಲ್ಲಿ ಅಕ್ಷರಶಃ ನಿಜ. ರಕ್ತನಾಳದೊಳಗೆ ದ್ರವ ಹೆಚ್ಚಿದಂತೆ ಅದರ ಗೋಡೆಯ ಮೇಲಿನ ಒತ್ತಡವೂ ಹೆಚ್ಚುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಕಿಡ್ನಿಯದ್ದು. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಇದ್ದರೆ, ಆ ಕೆಲಸ ನಿಧಾನವಾಗುತ್ತದೆ. ಉಪ್ಪಿಗೆ ಎಲ್ಲರ ದೇಹವೂ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬುದೂ ನಿಜ.

ವಯಸ್ಸಾದ ಮೇಲೆ ಬಿಪಿ ಬರುವುದು ಸಹಜ ಎಂಬ ಮಾತಿದೆಯಲ್ಲ, ಅದನ್ನು ಅಲ್ಲಾಡಿಸಿದ್ದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನ. 32 ದೇಶಗಳ 52 ಕಡೆ, 10 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಲಾಯಿತು. ದೆಹಲಿ, ಲಡಾಖ್ ಕೂಡ ಅದರಲ್ಲಿದ್ದವು. ಅತ್ಯಂತ ಕಡಿಮೆ ಒತ್ತಡ ಕಂಡುಬಂದದ್ದು ಬ್ರೆಜಿಲ್ ಕಾಡಿನ ಯಾನೊಮಾಮಿ ಬುಡಕಟ್ಟಿನವರಲ್ಲಿ. ಸರಾಸರಿ ಸುಮಾರು 95/61. ಅವರ ಅಡುಗೆಯಲ್ಲಿ ಉಪ್ಪು ಇಲ್ಲವೇ ಇಲ್ಲ ಎನ್ನಬಹುದು, ವಯಸ್ಸಾದಂತೆ ಅವರ ಬಿಪಿ ಏರುವುದೂ ಇಲ್ಲ. ಅವರು ಕಾಡಿನಲ್ಲಿ ದಿನವಿಡೀ ನಡೆಯುತ್ತಾರೆ, ದಪ್ಪಗಿಲ್ಲ, ಎಂಬುದನ್ನೂ ಮರೆಯುವಂತಿಲ್ಲ. ಹಾಗಾಗಿ ಎಲ್ಲ ಶ್ರೇಯ ಉಪ್ಪಿಗೇ ಅಲ್ಲ.

ಡಬ್ಬಿಯ ಲೆಕ್ಕ

ನಿಮ್ಮ ಮನೆಯ ಲೆಕ್ಕ ತಿಳಿಯಲು ಲ್ಯಾಬ್ ಬೇಕಿಲ್ಲ. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ನಾಲ್ವರು ವಯಸ್ಕರ ಮನೆಯಲ್ಲಿ ತಲಾ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ, ಒಂದು ಕೆ.ಜಿ. ಪೊಟ್ಟಣ 50 ದಿನ ಬರಬೇಕು. ಇಬ್ಬರೇ ಇದ್ದರೆ 100 ದಿನ. ನಾಲ್ವರ ಮನೆಯಲ್ಲಿ ಅದು 25 ದಿನಕ್ಕೇ ಮುಗಿದರೆ ತಲೆಗೆ 10 ಗ್ರಾಂ ಲೆಕ್ಕವಾಯಿತು. ಬಸಿದು ಚೆಲ್ಲಿದ ನೀರು, ತರಕಾರಿ ತೊಳೆಯಲು ಬಳಸಿದ್ದು, ಉಪ್ಪಿನಕಾಯಿಗೆ ಹಾಕಿದ್ದು ಇದ್ದರೆ ಕಳೆಯಿರಿ. ಹೊರಗಿನ ತಿಂಡಿ, ಬ್ರೆಡ್ಡು, ಫರಸಾಣ್ ಯಾವುದೂ ಈ ಲೆಕ್ಕದಲ್ಲಿ ಬಂದಿಲ್ಲ, ಅದನ್ನು ಕೂಡಿಸಿ. ಕೂಡಿಸುವುದೇ ಹೆಚ್ಚಾಗುತ್ತದೆ!

ಕನ್ನಡಿಗರ ಊಟದಲ್ಲಿ ಒಂದು ಅನುಕೂಲವಿದೆ. ಅನ್ನಕ್ಕೆ ನಾವು ಉಪ್ಪು ಹಾಕುವುದಿಲ್ಲ. ಮುದ್ದೆಗೆ, ಜೋಳದ ರೊಟ್ಟಿಗೆ ಬಹುತೇಕ ಮನೆಗಳಲ್ಲಿ ಹಾಕುವುದಿಲ್ಲ, ಹಾಕಿದರೂ ಒಂದು ಚಿಟಿಕೆ. ತಟ್ಟೆಯ ದೊಡ್ಡ ಭಾಗ ಸಪ್ಪೆಯೇ ಇರುತ್ತದೆ, ರುಚಿಯೆಲ್ಲ ಸಾರಿನದ್ದು. ಆದರೆ ಚಪಾತಿ ಹಿಟ್ಟಿಗೆ ಉಪ್ಪು ಬೆರೆಸುವುದು, ಕೂತಾಗ ಮಜ್ಜಿಗೆಗೆ ಇನ್ನೊಂದು ಚಿಟಿಕೆ ಉದುರಿಸುವುದು, ಹೆಚ್ಚಿದ ಸೌತೆಕಾಯಿ, ಪೇರಳೆಗೂ ಉಪ್ಪುಖಾರ ಸವರುವುದು ಬರೀ ಅಭ್ಯಾಸ. ಮೊದಲು ಕೈಬಿಡಬಹುದಾದದ್ದು ಇವನ್ನೇ. ಊಟದ ಟೇಬಲ್ ಮೇಲಿಂದ ಉಪ್ಪಿನ ಡಬ್ಬಿ ಎತ್ತಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ಊರು ಬಿಟ್ಟವರ ಅಡುಗೆಮನೆಯಲ್ಲಿ ಇನ್ನೊಂದು ಸಂಗತಿ ಇರುತ್ತದೆ. ಊರಿಂದ ಬರುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಮುಂಬೈಯಲ್ಲಾಗಲಿ ದೆಹಲಿಯಲ್ಲಾಗಲಿ, ಅಜ್ಜಿ ಕಟ್ಟಿಕೊಟ್ಟ ಆ ಡಬ್ಬಿಗಳಿಗೆ ಬೆಲೆ ಕಟ್ಟಲಾಗದು. ಅವನ್ನು ಬಿಡಿ ಎಂದರೆ ಯಾರೂ ಕೇಳುವುದೂ ಇಲ್ಲ. ಆದರೆ ಉಪ್ಪಿನಕಾಯಿ ವರ್ಷವಿಡೀ ಕೆಡದಿರುವುದೇ ಉಪ್ಪಿನಿಂದ. ನೂರು ಗ್ರಾಂ ಉಪ್ಪಿನಕಾಯಿಯಲ್ಲಿ 15 ಗ್ರಾಂ ಉಪ್ಪಿದೆ ಎಂದುಕೊಂಡರೂ, 10 ಗ್ರಾಂ ರಸ ಬಡಿಸಿಕೊಂಡಾಗ ಒಂದೂವರೆ ಗ್ರಾಂ ಒಳಗೆ ಹೋಯಿತು. ಎರಡು ಹೊತ್ತು ಬಡಿಸಿಕೊಂಡರೆ 3 ಗ್ರಾಂ, ದಿನದ ಮಿತಿಯ ಅರ್ಧಕ್ಕಿಂತ ಹೆಚ್ಚು. ಹಪ್ಪಳಕ್ಕೆ ಉಪ್ಪಿನ ಜೊತೆ ಹಾಕುವ ಹಪ್ಪಳದ ಖಾರವೂ ಸೋಡಿಯಂ ಲವಣವೇ. ವಾರಕ್ಕೆರಡು ದಿನ ಎಂದು ಗೊತ್ತುಮಾಡಿಕೊಂಡರೆ ಡಬ್ಬಿಯೂ ಮುಂದಿನ ಊರ ಪ್ರಯಾಣದವರೆಗೆ ಬಂದೀತು.

ಉಪ್ಪು ಎನಿಸದ ಉಪ್ಪು ಬೇರೆ ಇದೆ. ಅಡುಗೆ ಸೋಡಾದಲ್ಲಿ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಂ. ಬ್ರೆಡ್ಡು, ಪಾವ್, ಸಿಹಿ ಬಿಸ್ಕತ್ತು, ಸಾಸ್, ನೂಡಲ್ಸ್ ಮಸಾಲೆ ಎಲ್ಲದರಲ್ಲೂ ಸೋಡಿಯಂ ಇದೆ. ಹೊಟ್ಟೆಯುಬ್ಬರಕ್ಕೆಂದು ನೀರಿಗೆ ಹಾಕಿದರೆ ಬುಸ್ಸೆನ್ನುವ ಪುಡಿಯಲ್ಲೂ ಇದೆ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಸೋಡಿಯಂ 800 ಮಿ.ಗ್ರಾಂ ಎಂದಿದ್ದರೆ ಉಪ್ಪು 2 ಗ್ರಾಂ.

ನಾಲಿಗೆ ಇದಕ್ಕೆ ಒಗ್ಗುವುದೇ? ಒಗ್ಗುತ್ತದೆ, ಕೆಲವು ವಾರ ಬೇಕು. ಒಂದೇ ದಿನ ಅರ್ಧಕ್ಕಿಳಿಸಿದರೆ ಮನೆಯಲ್ಲಿ ಜಗಳವಷ್ಟೇ ಆಗುವುದು. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಹುಳಿ, ಖಾರ, ಘಮ ಇದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ನಿಂಬೆಹಣ್ಣು, ಹುಣಸೆ, ಪುನರ್ಪುಳಿ, ಮಾವಿನಕಾಯಿ, ಕಾಳುಮೆಣಸು, ಜೀರಿಗೆ, ಇಂಗು, ಬೆಳ್ಳುಳ್ಳಿ ಒಗ್ಗರಣೆ ಎಲ್ಲವೂ ನಮ್ಮ ಅಡುಗೆಯಲ್ಲಿ ಮೊದಲೇ ಇವೆ. ಉಪ್ಪನ್ನು ಅಡುಗೆಯ ಕೊನೆಯಲ್ಲಿ ಹಾಕಿದರೆ ಕಡಿಮೆಯಲ್ಲೇ ರುಚಿ ಹತ್ತುತ್ತದೆ.

ಗುಲಾಬಿ ಉಪ್ಪು ತಿಂದರೆ ಪರವಾಗಿಲ್ವಾ?

ಸೈಂಧವ ಲವಣ, ಹಿಮಾಲಯದ ಗುಲಾಬಿ ಉಪ್ಪು ನೈಸರ್ಗಿಕ, ಅದರಿಂದ ಬಿಪಿ ಏರುವುದಿಲ್ಲ ಎಂಬ ನಂಬಿಕೆ ವಾಟ್ಸಾಪ್‌ನಲ್ಲಿ ಬಲವಾಗಿದೆ. ಬಣ್ಣ ಕೊಡುವ ಕಬ್ಬಿಣದಂಥ ಖನಿಜಗಳು ಅದರಲ್ಲಿರುವುದು ಲೇಶಮಾತ್ರ. ಉಳಿದದ್ದೆಲ್ಲ ಅದೇ ಸೋಡಿಯಂ ಕ್ಲೋರೈಡ್. ಜೊತೆಗೆ, ಅಯೋಡಿನ್ ಬೆರೆಸದಿದ್ದರೆ ಥೈರಾಯ್ಡ್‌ಗೆ ಬೇಕಾದ ಅಯೋಡಿನ್ ತಪ್ಪುತ್ತದೆ. ದುಬಾರಿ ಎಂಬ ಕಾರಣಕ್ಕೆ ಕಡಿಮೆ ಬಳಸಿದರೆ ಮಾತ್ರ ಅದರಿಂದ ಲಾಭ.

ನಿಜಕ್ಕೂ ಕೆಲಸ ಮಾಡಿದ್ದು ಬೇರೊಂದು ಉಪ್ಪು. ಸೋಡಿಯಂ ಕ್ಲೋರೈಡ್‌ನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಐದು ವರ್ಷದಷ್ಟು ಕಾಲ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು ಹಿಂದೆ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿದ, ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಉಳಿದರ್ಧಕ್ಕೆ ಶೇ. 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು. ಉಪ್ಪು ಬದಲಿಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14, ಸಾವು ಶೇ. 12ರಷ್ಟು ಕಡಿಮೆಯಾಗಿತ್ತು. ಯಾವ ಕಷಾಯಕ್ಕೂ ಇಂಥ ಪುರಾವೆ ಇಲ್ಲ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆ ಬಳಕೆಗೆ ಈ ಉಪ್ಪನ್ನು ಸೂಚಿಸಿತು. ಭಾರತದ ಅಂಗಡಿಗಳಲ್ಲೂ ಇದು ಸಿಗುತ್ತದೆ.

ಆದರೆ ಎಲ್ಲರಿಗೂ ಅಲ್ಲ. ಕಿಡ್ನಿ ತೊಂದರೆ ಇದ್ದವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವಂಥವು. ಇವರು ವೈದ್ಯರನ್ನು ಕೇಳದೆ ಉಪ್ಪು ಬದಲಿಸಬಾರದು. ಗರ್ಭಿಣಿಯರು ಮತ್ತು ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಈ ಸೂಚನೆ ಅನ್ವಯಿಸುವುದಿಲ್ಲ.

ತಟ್ಟೆಯಲ್ಲಿ ಏನು ಹೆಚ್ಚಬೇಕು

1997ರಲ್ಲಿ ಅಮೆರಿಕದಲ್ಲಿ 459 ಜನರ ಮೇಲೆ ನಡೆದ ಡ್ಯಾಶ್ ಪ್ರಯೋಗದಲ್ಲಿ ಉಪ್ಪನ್ನೂ ಕಡಿಮೆ ಮಾಡಲಿಲ್ಲ, ತೂಕವನ್ನೂ ಇಳಿಸಲಿಲ್ಲ. ಬದಲಿಗೆ ಹಣ್ಣು, ತರಕಾರಿ, ಕೆನೆ ತೆಗೆದ ಹಾಲು-ಮೊಸರು ಹೆಚ್ಚಿಸಿ ಕೊಬ್ಬು ತಗ್ಗಿಸಿದರು. ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ ಎಂಟು ವಾರಗಳಲ್ಲಿ 11 ಅಂಕ ಇಳಿಯಿತು. ಒಂದು ಮಾತ್ರೆ ಮಾಡುವಷ್ಟು ಕೆಲಸ ಇದು. ಉಪ್ಪೂ ಇಳಿದರೆ ಫಲ ಇನ್ನೂ ಹೆಚ್ಚು ಎಂದು ಅದೇ ತಂಡದ ಮುಂದಿನ ಪ್ರಯೋಗ 2001ರಲ್ಲಿ ತೋರಿಸಿತು.

ಇದರ ಹಿಂದಿರುವ ಒಂದು ಕಾರಣ ಪೊಟ್ಯಾಸಿಯಂ. ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗಟ್ಟಲು ಅದು ನೆರವಾಗುತ್ತದೆ. ದಂಟು, ಪಾಲಕ್, ಹೆಸರುಕಾಳು, ಹುರುಳಿ, ಬಾಳೆಹಣ್ಣು, ಬಾಳೆದಿಂಡು, ಎಳನೀರು, ಮೊಸರು ಎಲ್ಲದರಲ್ಲೂ ಅದಿದೆ. ಸೊಪ್ಪಿನ ಹುಳಿ, ಕೋಸಂಬರಿ, ತಂಬುಳಿ ದಿನಾ ಮಾಡುತ್ತಿದ್ದ ಮನೆಗಳಿಗೆ ಡ್ಯಾಶ್ ಹೊಸತೇನೂ ಅಲ್ಲ. ಕಿಡ್ನಿ ರೋಗಿಗಳಿಗೆ ಇಲ್ಲೂ ಅದೇ ಎಚ್ಚರಿಕೆ, ಎಳನೀರು ಅವರಿಗೆ ಅಮೃತವಲ್ಲ.

ನಡಿಗೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ: ವಾರಕ್ಕೆ 150 ನಿಮಿಷ, ಹಾಡಲು ಉಸಿರು ಸಾಲದಷ್ಟು, ಮಾತಾಡಲು ಸಾಲುವಷ್ಟು ವೇಗ. ತೂಕ ಹೆಚ್ಚಿರುವವರಲ್ಲಿ ಒಂದು ಕೆ.ಜಿ. ಇಳಿದರೆ ಬಿಪಿ ಸುಮಾರು ಒಂದು ಅಂಕ ಇಳಿಯುತ್ತದೆ. ಮದ್ಯ ಕಡಿಮೆಯಾದರೂ ಇಳಿಯುತ್ತದೆ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಅದೂ ಬಿಪಿಗೆ ಕಾರಣ, ವೈದ್ಯರಿಗೆ ಹೇಳಲೇಬೇಕು. ಮಂಡಿನೋವಿಗೆಂದು ದಿನಾ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಒತ್ತಡ ಏರಿಸುತ್ತವೆ.

ಸೊಪ್ಪು, ಬೇರು, ಜ್ಯೂಸ್

ನೈಸರ್ಗಿಕ ಎಂಬ ಪದವನ್ನು ಹೀಗಳೆಯುವವರಿಗೂ, ಕಣ್ಣುಮುಚ್ಚಿ ನಂಬುವವರಿಗೂ ಸರ್ಪಗಂಧದ ಕಥೆ ಸಾಕು. ಈ ಗಿಡದ ಬೇರನ್ನು ನಮ್ಮ ವೈದ್ಯ ಪದ್ಧತಿಗಳು ಶತಮಾನಗಳಿಂದ ಬಳಸುತ್ತಿದ್ದವು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿದ್ದ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು ಬಿಪಿ ರೋಗಿಗಳ ಮೇಲೆ ಪ್ರಯೋಗಿಸಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಬಿಪಿಗೆ ಪರಿಣಾಮಕಾರಿ ಮಾತ್ರೆಗಳೇ ವಿರಳವಾಗಿದ್ದ ಕಾಲವದು. 1957ರಲ್ಲಿ ವಕೀಲರಿಗೆ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿಯೂ ಸಂದಿತು.

ಅದೇ ರೆಸರ್ಪಿನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮೂಗು ಕಟ್ಟುವುದು, ಮಂಪರು, ಖಿನ್ನತೆಯ ದೂರುಗಳು ಬಂದವು. ಉತ್ತಮ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಬೇರಿನಲ್ಲಿ ಶಕ್ತಿ ಇದ್ದದ್ದರಿಂದಲೇ ಬಿಪಿ ಇಳಿಯಿತು, ಅಡ್ಡಪರಿಣಾಮವೂ ಆಯಿತು. ಇಂದಿಗೂ ಸರ್ಪಗಂಧದ ಗುಳಿಗೆಗಳು ಸಿಗುತ್ತವೆ. ಬಿಪಿ ಮಾತ್ರೆಯ ಜೊತೆ ಅದನ್ನೂ ಗುಟ್ಟಾಗಿ ನುಂಗಿದರೆ ಒತ್ತಡ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಆಯುರ್ವೇದ ವೈದ್ಯರಿಗೆ ಅಲೋಪತಿ ಮಾತ್ರೆಯ ಹೆಸರು, ಅಲೋಪತಿ ವೈದ್ಯರಿಗೆ ಗುಳಿಗೆಯ ಹೆಸರು ಹೇಳುವುದರಲ್ಲಿ ಸಂಕೋಚ ಬೇಡ.

ಅತಿಮಧುರ ಇನ್ನೂ ವಿಚಿತ್ರ. ಜ್ಯೇಷ್ಠಮಧು ಎಂದೂ ಕರೆಯುವ ಈ ಬೇರು ಕೆಮ್ಮಿನ ಕಷಾಯದಲ್ಲಿ, ಗಂಟಲಿಗೆ ಹಾಯೆನಿಸುವ ಕ್ಯಾಂಡಿಗಳಲ್ಲಿ ಇರುತ್ತದೆ. ಇದರ ಗ್ಲೈಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪು ನಿಲ್ಲುವಂತೆ ಮಾಡಿ, ಪೊಟ್ಯಾಸಿಯಂ ಕಳೆದು, ಬಿಪಿಯನ್ನು ಏರಿಸುತ್ತದೆ. ನಾಲ್ಕು ದಿನದ ಕೆಮ್ಮಿಗೆ ಕುಡಿದರೆ ಚಿಂತೆಯಿಲ್ಲ. ರೋಗನಿರೋಧಕ ಶಕ್ತಿಗೆಂದು ತಿಂಗಳುಗಟ್ಟಲೆ ಕುಡಿಯುವ ಬಿಪಿ ರೋಗಿಗಳು ನಿಲ್ಲಿಸಬೇಕು.

ಪುಂಡಿಪಲ್ಯದ ನಂಟಿರುವ ಉತ್ತರ ಕರ್ನಾಟಕದವರಿಗೆ, ಗೋಂಗೂರ ಬಲ್ಲ ಹೈದರಾಬಾದ್ ಕನ್ನಡಿಗರಿಗೆ ಒಂದು ಖುಷಿಯ ಸುದ್ದಿ ಇದೆ, ಅರ್ಧ ಖುಷಿ. ಈ ಗಿಡದ ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ ಮಾಡಿದ ಚಹಾವನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 65 ಜನರ ಮೇಲೆ ಪರೀಕ್ಷಿಸಿದರು. ದಿನಕ್ಕೆ ಮೂರು ಕಪ್, ಆರು ವಾರ. ಮೇಲಿನ ಸಂಖ್ಯೆ 7 ಅಂಕ ಇಳಿಯಿತು. ಹೋಲಿಕೆಗೆ ಬೇರೆ ಪಾನೀಯ ಕುಡಿದವರಲ್ಲಿ ಇಳಿದದ್ದು ಒಂದೇ ಅಂಕದಷ್ಟು. ಪರೀಕ್ಷೆಯಾದದ್ದು ಹೂವಿನ ಭಾಗ, ನಾವು ತಿನ್ನುವುದು ಎಲೆ. ಎಲೆ ಒಳ್ಳೆಯ ಸೊಪ್ಪು, ಅದರ ಹುಳಿಯಿಂದ ಉಪ್ಪೂ ಉಳಿಯುತ್ತದೆ, ಆದರೆ ಪುಂಡಿಪಲ್ಯ ತಿಂದೆ ಎಂದು ಮಾತ್ರೆ ಬಿಡುವಂತಿಲ್ಲ. ಬೆಳ್ಳುಳ್ಳಿ, ಬೀಟ್‌ರೂಟ್ ಕೂಡ ಇದೇ ಸಾಲಿನವು: ಸ್ವಲ್ಪ ಇಳಿಸುತ್ತವೆ, ಅಷ್ಟೇ.

ದೆಹಲಿ, ಪುಣೆಯ ಪಾರ್ಕುಗಳ ಹೊರಗೆ ಮುಂಜಾನೆ ಮಾರುವ ಸೋರೆಕಾಯಿ ಜ್ಯೂಸ್ ಬಗ್ಗೆ ಒಂದು ಮಾತು. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ರಕ್ತವಾಂತಿಯಾಗಿ ಜೀವ ಹೋದ ಪ್ರಕರಣಗಳೇ ಇವೆ. ಐಸಿಎಂಆರ್ ನೇಮಿಸಿದ್ದ ತಜ್ಞರ ಸಮಿತಿ ಕಹಿ ಜ್ಯೂಸ್ ಕುಡಿಯಲೇಬಾರದೆಂದು ಎಚ್ಚರಿಸಿದೆ. ಬಾಯಿಗೆ ಕಹಿಯೆನಿಸಿದರೆ ಉಗುಳಿಬಿಡಿ, ಔಷಧಿಯೆಂದು ಮೂಗು ಮುಚ್ಚಿ ಕುಡಿಯಬೇಡಿ.

ಅಳೆಯುವುದು ಹೇಗೆ

ಉಪ್ಪು ಇಳಿಸಿದ್ದು, ನಡೆದದ್ದು, ಚಹಾ ಕುಡಿದದ್ದು ಕೆಲಸ ಮಾಡಿತೇ ಎಂದು ಹೇಳುವುದು ಅಳತೆ ಮಾತ್ರ. ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಯಂತ್ರ ಮನೆಗೆ ಸಾಕು, ಮಣಿಕಟ್ಟಿನದ್ದು ಅಷ್ಟು ನಂಬಿಕಸ್ತವಲ್ಲ. ಪಟ್ಟಿ ತೋಳಿನ ಗಾತ್ರಕ್ಕೆ ತಕ್ಕಂತಿರಬೇಕು, ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟಕ್ಕೆ. ಮಾತು ಬೇಡ, ಟಿವಿ ಸೀರಿಯಲ್ ಕೂಡ ಬೇಡ! ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಒಂದು ವಾರ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ, ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ 140/90 ಅಥವಾ ಹೆಚ್ಚು ಬಂದರೆ, ಅದು ಬಿಪಿಯೇ. ಎರಡರಲ್ಲಿ ಒಂದೇ ಸಂಖ್ಯೆ ಏರಿದ್ದರೂ ಲೆಕ್ಕಕ್ಕಿದೆ.

ಒಮ್ಮೆ ಮಾತ್ರೆ ಹಿಡಿದರೆ ಜೀವನಪೂರ್ತಿ ಎಂಬ ಭಯದಿಂದ ಶುರು ಮಾಡದವರಿದ್ದಾರೆ, ನಂಬರ್ ಸರಿಹೋಯಿತೆಂದು ತಾವೇ ನಿಲ್ಲಿಸುವವರೂ ಇದ್ದಾರೆ. ನಂಬರ್ ಸರಿಯಾಗಿರುವುದು ಮಾತ್ರೆಯಿಂದ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೆ ಹಾರುತ್ತದೆ. ಉಪ್ಪು, ತೂಕ ಇಳಿಸಿ, ಮನೆಯ ಅಳತೆಯ ಪಟ್ಟಿ ಹಿಡಿದು ಹೋದರೆ ವೈದ್ಯರೇ ಡೋಸ್ ಕಡಿಮೆ ಮಾಡುವುದುಂಟು. ಗರ್ಭಿಣಿಯರಲ್ಲಿ ಬಿಪಿ ಏರಿದರೆ ಮನೆಮದ್ದಿನ ಮಾತೇ ಇಲ್ಲ, ಅಂದೇ ವೈದ್ಯರನ್ನು ಕಾಣಬೇಕು.

ಯಂತ್ರ 180/120ಕ್ಕಿಂತ ಹೆಚ್ಚು ತೋರಿಸಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ದೃಷ್ಟಿ ಮಂಜಾಗುವುದು ಇದ್ದರೆ ಅದು ತುರ್ತುಸ್ಥಿತಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬಿಪಿ ಅಳೆಯುತ್ತಲೂ ಕೂರಬೇಡಿ, ನಿಂಬೆ ಷರಬತ್ತನ್ನೂ ಕುಡಿಸಬೇಡಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ಷಣ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಂಡು, 112ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.